ಜಾವಾ ಮಾತು, ಭಾಗ 6: ಎರಡು ಲಿಸ್ಟ್ ಹೋಲಿಸೋ ಮುಂಚೆ 'ಒಂದೇ' ಅಂದ್ರೇನು ಅಂತ ಹೇಳ್ರಪ್ಪ

ಲ್ಯಾಬ್, ವೈವಾ, ಇಂಟರ್‌ವ್ಯೂ, ಎಲ್ಲಾ ಕಡೆ ಬರೋ ಪ್ರಶ್ನೆ ಇದು. ಎರಡು ಲಿಸ್ಟ್ ತುಂಬಾ ಆಬ್ಜೆಕ್ಟ್‌ಗಳಿವೆ, ವ್ಯತ್ಯಾಸ ಹುಡುಕಿ. ನಮ್ಮವರು ಥಟ್ ಅಂತ ಬರೆಯೋದು ಒಂದೇ ಸಾಲು: ಮೊದಲನೇ ಲಿಸ್ಟ್ ಕಾಪಿ ಮಾಡಿ ರಿಮೂವ್‌ಆಲ್. ಸ್ವಲ್ಪ ಸ್ಟೈಲ್ ಬೇಕಂದ್ರೆ ಸ್ಟ್ರೀಮ್, ಫಿಲ್ಟರ್, ಒಳಗೊಂದು ಕಂಟೈನ್ಸ್. ಎರಡೂ ಒಂದೇ ಬುದ್ಧಿ. ಆಬ್ಜೆಕ್ಟ್ ಲಿಸ್ಟಿಗೆ ಈ ಬುದ್ಧಿ ಸಾಲದು ಅನ್ನೋದೇ ನನ್ನ ವಾದ.

ಪರೀಕ್ಷಾ ಫೀಸ್ ಕಟ್ಟಿದವರ ಲಿಸ್ಟ್ ಒಂದು, ಹಾಲ್ ಟಿಕೆಟ್ ಲಿಸ್ಟ್ ಇನ್ನೊಂದು ಅಂದುಕೊಳ್ಳಿ. ಪ್ರತಿ ಸ್ಟೂಡೆಂಟ್ ಆಬ್ಜೆಕ್ಟ್‌ನಲ್ಲಿ ಯುಎಸ್‌ಎನ್, ಹೆಸರು, ಫೋನ್, ಕಟ್ಟಿದ ಫೀಸ್ ಇದೆ. ಇಲ್ಲಿ ತಪ್ಪಾದ್ರೆ ಒಬ್ಬ ಹುಡುಗ ಪರೀಕ್ಷೆ ದಿನ ಬೆಳಗ್ಗೆ ಗೇಟಿನ ಹೊರಗೆ ನಿಂತಿರ್ತಾನೆ.

ರಿಮೂವ್‌ಆಲ್ ಆಗಲಿ ಕಂಟೈನ್ಸ್ ಆಗಲಿ ತಾನಾಗಿ ಏನೂ ನಿರ್ಧರಿಸಲ್ಲ, ಈಕ್ವಲ್ಸ್ ಮೆಥಡ್‌ನ ಕೇಳುತ್ತೆ. ನೀವು ಈಕ್ವಲ್ಸ್ ಬರೆದಿಲ್ಲ ಅಂದ್ರೆ ಆಬ್ಜೆಕ್ಟ್ ಕ್ಲಾಸಿನದ್ದೇ ಓಡುತ್ತೆ. ಅದು ನೋಡೋದು ಇಷ್ಟೇ: ಮೆಮೊರಿಯಲ್ಲಿ ಇವೆರಡೂ ಅದೇ ಆಬ್ಜೆಕ್ಟಾ? ಎರಡು ಬೇರೆ ಫೈಲಿಂದ ಓದಿದ ಲಿಸ್ಟ್ ಅಂದ್ಮೇಲೆ ಯಾವುದೂ ಹೊಂದಲ್ಲ, ಇಡೀ ಕ್ಲಾಸೇ 'ವ್ಯತ್ಯಾಸ' ಅಂತ ಬರುತ್ತೆ. ಟ್ಯುಟೋರಿಯಲ್‌ನಲ್ಲಿ ಚೆನ್ನಾಗಿ ಓಡಿತ್ತಲ್ಲ ಅಂತೀರಾ? ಅಲ್ಲಿ ಸ್ಟ್ರಿಂಗ್ ಲಿಸ್ಟ್ ಇತ್ತು ಗುರು. ಸ್ಟ್ರಿಂಗ್‌ಗೆ ಈಕ್ವಲ್ಸ್ ಮೊದಲೇ ಬರೆದಿಟ್ಟಿದ್ದಾರೆ.

ಸರಿ, ಐಡಿಇಯಲ್ಲಿ ಜನರೇಟ್ ಒತ್ತಿ ಎಲ್ಲಾ ಫೀಲ್ಡ್‌ಗೂ ಟಿಕ್ ಹಾಕ್ತೀವಿ. ಜಾವಾ 16ರಿಂದ ರೆಕಾರ್ಡ್ ಇದೆ, ಅದು ಟಿಕ್ಕೂ ಕೇಳಲ್ಲ, ಎಲ್ಲಾ ಫೀಲ್ಡ್ ತಾನೇ ಹೋಲಿಸುತ್ತೆ. ಈಗ ಒಂದು ಲಿಸ್ಟಲ್ಲಿ 'ಮಂಜುನಾಥ್ ಕೆ', ಇನ್ನೊಂದರಲ್ಲಿ 'ಕೆ ಮಂಜುನಾಥ್'. ಇನಿಷಿಯಲ್ ಎಲ್ಲಿ ಹಾಕ್ಬೇಕು ಅನ್ನೋದು ನಮ್ಮೂರಲ್ಲಿ ಯಾವತ್ತು ಇತ್ಯರ್ಥ ಆಗಿದೆ ಹೇಳಿ! ಒಬ್ಬನೇ ಹುಡುಗ 'ಬಿಟ್ಟುಹೋದವನು' ಮತ್ತು 'ಹೊಸಬ' ಎರಡೂ ಆಗಿಬಿಡ್ತಾನೆ. ಫೀಸ್ ಬಿಗ್‌ಡೆಸಿಮಲ್ ಆಗಿದ್ರೆ ಇನ್ನೂ ಮಜಾ: 1500.0 ಮತ್ತು 1500.00 ಈಕ್ವಲ್ಸ್ ಪ್ರಕಾರ ಬೇರೆ ಬೇರೆ. ಕಂಪೇರ್‌ಟು ಕೇಳಿದ್ರೆ ಮಾತ್ರ ಸೊನ್ನೆ, ಅಂದ್ರೆ ಸಮ.

ಹಾಗಾದ್ರೆ ಯುಎಸ್‌ಎನ್ ಒಂದನ್ನೇ ಈಕ್ವಲ್ಸ್‌ಗೆ ಹಾಕೋಣ ಅಂತ ಕೆಲವರು. ಈಗ ಉಲ್ಟಾ ತೊಂದರೆ. ಒಬ್ಬಳ ಫೀಸ್ ಒಂದು ಕಡೆ 1500, ಇನ್ನೊಂದು ಕಡೆ 150 ಇದ್ರೂ ಪ್ರೋಗ್ರಾಂ 'ಏನೂ ವ್ಯತ್ಯಾಸ ಇಲ್ಲ' ಅಂತ ನೆಮ್ಮದಿಯಾಗಿ ಮುಗಿಯುತ್ತೆ. ನನ್ನ ಪ್ರಕಾರ ಇದು ಮೊದಲಿನದಕ್ಕಿಂತ ಕೆಟ್ಟದ್ದು, ಯಾಕಂದ್ರೆ ಖಾಲಿ ಲಿಸ್ಟ್ ಬಂದಾಗ ಯಾರೂ ಅನುಮಾನ ಪಡಲ್ಲ.

ನೋಡಿ, ನಾವು ಕೇಳ್ತಿರೋದು ಎರಡು ಪ್ರಶ್ನೆ. ಇವನು ಅದೇ ಮನುಷ್ಯನಾ? ಅವನ ವಿವರ ಹಾಗೇ ಇದೆಯಾ? ಈಕ್ವಲ್ಸ್ ಒಂದು ಸಲಕ್ಕೆ ಹೌದು ಅಥವಾ ಇಲ್ಲ ಅಂತ ಒಂದೇ ಉತ್ತರ ಕೊಡುತ್ತೆ. ಅದರ ತಲೆ ಮೇಲೆ ಎರಡನ್ನೂ ಹೊರಿಸಬೇಡಿ.

ನಾನು ಹೇಳೋದು ಹ್ಯಾಶ್‌ಮ್ಯಾಪ್. ಮೊದಲ ಲಿಸ್ಟನ್ನ ಯುಎಸ್‌ಎನ್ ಕೀ ಮಾಡಿ ಮ್ಯಾಪ್‌ಗೆ ಹಾಕಿ. ಎರಡನೇ ಲಿಸ್ಟ್ ಮೇಲೆ ನಡೀತಾ ಪ್ರತಿ ಯುಎಸ್‌ಎನ್‌ಗೂ ಮ್ಯಾಪ್‌ನಲ್ಲಿ ರಿಮೂವ್ ಕರೀರಿ. ನಲ್ ಬಂತಾ, ಹೊಸಬ. ಆಬ್ಜೆಕ್ಟ್ ಬಂತಾ, ಈಗ ನಿಮಗೆ ಬೇಕಾದ ಫೀಲ್ಡ್ ಮಾತ್ರ ಹೋಲಿಸಿ: ಹೆಸರು ಬಿಡಿ, ಫೀಸ್ ಕಂಪೇರ್‌ಟುನಲ್ಲಿ ನೋಡಿ. ಕೊನೆಗೆ ಮ್ಯಾಪ್‌ನಲ್ಲಿ ಉಳಿದವರು ಎರಡನೇ ಲಿಸ್ಟಲ್ಲಿ ಇಲ್ಲದವರು. ಹೊಸಬರು, ಬದಲಾದವರು, ಕಾಣೆಯಾದವರು, ಮೂರು ಗುಂಪು ಬೇರೆ ಬೇರೆ ಸಿಕ್ತು. ಕ್ಲಾಸಿನ ಈಕ್ವಲ್ಸ್ ಮುಟ್ಟಲೇ ಇಲ್ಲ.

ವೇಗ ಇದರ ಜೊತೆ ಬಂದ ಬೋನಸ್ ಅಷ್ಟೇ. 5,000 ಜನರ ಎರಡು ಲಿಸ್ಟ್‌ಗೆ ಕಂಟೈನ್ಸ್ ದಾರಿ ಕೆಟ್ಟ ಸಂದರ್ಭದಲ್ಲಿ 2.5 ಕೋಟಿ ಹೋಲಿಕೆ. ಮ್ಯಾಪ್ ದಾರಿಯಲ್ಲಿ ಪ್ರತಿ ಲಿಸ್ಟ್ ಮೇಲೆ ಒಂದೊಂದು ಸುತ್ತು.

'ಬರೀ ನಂಬರ್ ಲಿಸ್ಟಿಗೂ ಇಷ್ಟೆಲ್ಲಾ ಬೇಕಾ?' ಬೇಡ, ಅಲ್ಲಿ ರಿಮೂವ್‌ಆಲ್ ಸಾಕು. ಆದ್ರೆ ಒಂದು ಕಡೆ 7 ಎರಡು ಸಲ, ಇನ್ನೊಂದು ಕಡೆ ಒಂದೇ ಸಲ ಇದ್ರೂ ಅದು ಎರಡು 7ನ್ನೂ ತೆಗೆದುಹಾಕುತ್ತೆ. ಎಣಿಕೆ ಮುಖ್ಯ ಆದ್ರೆ ಅದೂ ಆಗಲ್ಲ.

ಇನ್ನೊಂದು. ಮ್ಯಾಪ್ ಮಾಡೋಕೆ ಕಲೆಕ್ಟರ್ಸ್‌ನ ಟುಮ್ಯಾಪ್ ಬಳಸಿದ್ರೆ, ಒಂದೇ ಯುಎಸ್‌ಎನ್ ಎರಡು ಸಲ ಬಂದಾಗ ಇಲ್ಲೀಗಲ್‌ಸ್ಟೇಟ್ ಎಕ್ಸೆಪ್ಷನ್ ಎಸೆಯುತ್ತೆ. ಬಹಳ ಜನ ಕೂಡಲೇ ಮರ್ಜ್ ಫಂಕ್ಷನ್ ತುರುಕಿ ಅದರ ಬಾಯಿ ಮುಚ್ಚಿಸ್ತಾರೆ. ಫೀಸ್ ಲಿಸ್ಟಲ್ಲಿ ಒಂದೇ ಯುಎಸ್‌ಎನ್ ಎರಡು ಸಲ ಇದೆ ಅಂದ್ರೆ ಯಾರೋ ಎರಡು ಸಲ ದುಡ್ಡು ಕಟ್ಟಿರಬಹುದು, ಇಲ್ಲಾ ಬೇರೊಬ್ಬರ ನಂಬರ್ ತಪ್ಪಾಗಿ ಟೈಪ್ ಆಗಿರಬಹುದು. ಆ ಎಕ್ಸೆಪ್ಷನ್ ಬರಲಿ ಬಿಡಿ, ಆ ಸಾಲು ತೆಗೆದು ಕಣ್ಣಾರೆ ನೋಡಿ.