ಹಳೆಯ ವೇಷ, ಹೊಸ ಮನೆ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯ ಮಗ್ಗುಲಿನಲ್ಲಿರುವ ತಾಂಡವಪುರವು ಈಗ ಕೇವಲ ಬೇಸಾಯದ ಗ್ರಾಮವಾಗಿ ಉಳಿದಿಲ್ಲ. ಸಮೀಪದಲ್ಲಿಯೇ ಕೈಗಾರಿಕಾ ಪ್ರದೇಶವು ಬೆಳೆದಿದೆ. ಇಂಜಿನಿಯರಿಂಗ್ ಕಾಲೇಜು ಬಂದಿದೆ. ಸಂಬಳದಾರರು ಈ ಹೆದ್ದಾರಿಯ ಉದ್ದಕ್ಕೂ ಹೊಸ ಮನೆಗಳನ್ನು ಕಟ್ಟಿಸುತ್ತಿದ್ದಾರೆ. ಇಂತಹ ಹೊಸ ಮನೆಗಳ ಹಜಾರದಲ್ಲಿ ಒಂದು ವಿಚಿತ್ರವು ಎದ್ದು ಕಾಣುತ್ತದೆ. ಕಾಂಕ್ರೀಟಿನ ಸೂರಿನ ಕೆಳಗೆ, ವಿದ್ಯುದ್ದೀಪದ ಬೆಳಕಿನಲ್ಲಿ, ಎಣ್ಣೆಯಿಲ್ಲದ ಲಾಟೀನು, ಹಾಡದ ಗ್ರಾಮೊಫೋನು, ನೀರು ಕಾಣದ ತಾಮ್ರದ ಹಂಡೆ, ಯಾವ ಗೋಡೆಗೂ ಸೇರದ ಕೆತ್ತನೆಯ ಬಾಗಿಲು ಅಲಂಕಾರಕ್ಕಾಗಿ ನಿಂತಿರುತ್ತವೆ. ವರ್ತಕರು ಇವುಗಳನ್ನು ‘ವಿಂಟೇಜ್’ ಎಂತಲೂ ‘ರೆಟ್ರೊ’ ಎಂತಲೂ ಕರೆದು ಮಾರುತ್ತಾರೆ. ಹಳೆಯದೇ ಈಗ ಹೊಸ ಷೋಕಿಯಾಗಿದೆ.

ಈ ಅಭಿರುಚಿಯನ್ನು ನಾವು ಹಳಿಯಲು ಹೊರಟಿಲ್ಲ. ಹಿಂದಿನ ಪೀಳಿಗೆಯವರು ಸ್ಟೀಲು ಮತ್ತು ಪ್ಲಾಸ್ಟಿಕ್ಕಿನ ಮೋಹಕ್ಕೆ ಬಿದ್ದು, ಮನೆಯಲ್ಲಿದ್ದ ಹಿತ್ತಾಳೆ ತಾಮ್ರದ ಪಾತ್ರೆಗಳನ್ನು ಹಳೆಯದೆಂಬ ಒಂದೇ ಕಾರಣದಿಂದ ತೂಕದ ಲೆಕ್ಕದಲ್ಲಿ ಮಾರಿದರು. ತಾತನು ತೂಕಕ್ಕೆ ಮಾರಿದ್ದನ್ನು ಮೊಮ್ಮಗನು ಅಂದಕ್ಕೆಂದು ಹತ್ತರಷ್ಟು ಬೆಲೆ ಕೊಟ್ಟು ಕೊಳ್ಳುತ್ತಿದ್ದಾನೆ. ಬೆಂಗಳೂರಿನಲ್ಲಿ 1961ರಿಂದ ತಯಾರಾದ ಎಚ್.ಎಂ.ಟಿ. ಕೈಗಡಿಯಾರಗಳ ಕಥೆಯೂ ಇದೇ. ಅವುಗಳನ್ನು ತಯಾರಿಸುತ್ತಿದ್ದ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರವು ಒಪ್ಪಿಗೆ ಕೊಟ್ಟಿತು. ಇಂದು ಆ ಹಳೆಯ ಗಡಿಯಾರಗಳನ್ನು ಜನರು ಹುಡುಕಿಕೊಂಡು ಹೋಗುತ್ತಾರೆ. ಬದುಕಿದ್ದಾಗ ಬೇಡವಾದುದು ಸತ್ತ ಮೇಲೆ ಪೂಜೆಗೆ ಬರುವುದು ನಮ್ಮ ಸಮಾಜದ ಹಳೆಯ ದೋಷ. ಆ ದೋಷವು ಇನ್ನಷ್ಟು ನಷ್ಟಕ್ಕೆ ದಾರಿಯಾಗಬಾರದೆಂಬುದೇ ನಮ್ಮ ಚಿಂತೆ.

ಅಂಗಡಿಯಲ್ಲಿ ‘ಹಳೆಯದು’ ಎಂಬ ಒಂದೇ ಹೆಸರಿನಲ್ಲಿ ಮೂರು ಬಗೆಯ ಪದಾರ್ಥಗಳು ಮಾರಾಟವಾಗುತ್ತಿವೆ. ನಿಜವಾಗಿಯೂ ಹಳೆಯ ಮನೆಗಳಿಂದ ಬಂದವು ಮೊದಲನೆಯವು. ಯಂತ್ರದಲ್ಲಿ ನಿನ್ನೆ ಹುಟ್ಟಿ, ಬಣ್ಣ ಕೆರೆದು, ಹೊಗೆ ಹಿಡಿಸಿ ಮುದುಕನ ವೇಷ ಹಾಕಿದವು ಎರಡನೆಯವು. ಬದುಕಿರುವ ಕುಶಲಕರ್ಮಿಗಳು ಪರಂಪರೆಯ ಕ್ರಮದಲ್ಲಿ ಹೊಸದಾಗಿ ಮಾಡಿದವು ಮೂರನೆಯವು. ಕೊಳ್ಳುವವರು ಈ ಮೂರನ್ನೂ ಬೇರ್ಪಡಿಸಿ ನೋಡದಿರುವುದೇ ಎಲ್ಲ ಅನರ್ಥಕ್ಕೂ ಮೂಲ.

ಮೊದಲನೆಯ ಬಗೆಯನ್ನು ಕುರಿತು ಕಾನೂನೇ ಮಾತನಾಡುತ್ತದೆ. 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮವು 1976ರಲ್ಲಿ ಜಾರಿಗೆ ಬಂದಿತು. ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪ, ಚಿತ್ರ, ಕರಕುಶಲ ವಸ್ತುಗಳೇ ಅಲ್ಲದೆ, ಕಟ್ಟಡದಿಂದ ಕಿತ್ತು ತೆಗೆದ ವಸ್ತುವೂ ಅದರ ವ್ಯಾಪ್ತಿಗೆ ಬರುತ್ತದೆ. ಇಂತಹವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಇವುಗಳನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಕಾವೇರಿ ಕಪಿಲಾ ತೀರದ ಹಳ್ಳಿಗಳಲ್ಲಿ ತೊಟ್ಟಿಮನೆಗಳು ಉರುಳುವಾಗ ಅಲ್ಲಿಯ ಕಂಬ, ಬೋದಿಗೆ, ಬಾಗಿಲುವಾಡಗಳು ಲಾರಿಯೇರಿ ಹೋಗುತ್ತವೆ. ಅವುಗಳ ವಯಸ್ಸನ್ನು ಕೇಳುವವರು ಎಷ್ಟು ಮಂದಿ? ಮನೆಯು ಬಿದ್ದೇ ಹೋಗುವುದಾದರೆ ಬಾಗಿಲಾದರೂ ಉಳಿಯಲಿ ಎಂಬ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬಾಗಿಲಿಗೆ ಬೆಲೆ ಬಂದಿತೆಂದು ನಿಂತ ಮನೆಯನ್ನು ಬೀಳಿಸುವ ಕಾಲವೂ ಬರಬಹುದು. ಎಚ್ಚರವು ಆಗ ಬಂದರೆ ಫಲವಿಲ್ಲ.

ಎರಡನೆಯ ಬಗೆಯನ್ನು ಕುರಿತು ನಂಜನಗೂಡಿನವರಿಗೆ ನಾವು ಬುದ್ಧಿ ಹೇಳಬೇಕಾದುದೇ ಇಲ್ಲ. ಅವರ ರಸಬಾಳೆಯು ಸೊರಗು ರೋಗಕ್ಕೆ ತುತ್ತಾಗಿ ವಿರಳವಾದಂತೆಲ್ಲ, ಆ ಹೆಸರನ್ನು ಹೊತ್ತ ಬೇರೆ ಹಣ್ಣುಗಳು ಪೇಟೆಗೆ ಬಂದವು. ಹೆಸರು ಉಳಿದು ಹಣ್ಣು ಹೋದರೆ ಯಾರಿಗೇನು ಲಾಭ? ಈ ಮೋಸವನ್ನು ತಡೆಯಲೆಂದೇ 1999ರ ಭೌಗೋಳಿಕ ಸೂಚಿಕೆಗಳ ಕಾಯಿದೆ ಇದೆ. ರಸಬಾಳೆಗೆ ದೊರೆತಂತೆಯೇ ಮೈಸೂರಿನ ಬೀಟೆಮರದ ಇನ್‌ಲೇ ಕೆಲಸಕ್ಕೂ, ಚನ್ನಪಟ್ಟಣದ ಆಟಿಕೆಗಳಿಗೂ, ಬೀದರಿನ ಬಿದರಿ ಸಾಮಾನಿಗೂ ಅದರ ನೋಂದಣಿ ದೊರೆತಿದೆ. ಆದರೆ ಹಲಗೆಯ ಮೇಲೆ ಅಚ್ಚು ಹಾಕಿದ ಚಿತ್ರವನ್ನು ಇನ್‌ಲೇ ಎಂದು ನಂಬಿ ಕೊಳ್ಳುವ ಗಿರಾಕಿಯಿರುವ ತನಕ ಕಾಯಿದೆಯೊಂದೇ ಏನು ಮಾಡೀತು?

ನಮ್ಮ ಪಕ್ಷಪಾತವು ಮೂರನೆಯ ಬಗೆಯ ಕಡೆಗೆ ಎಂಬುದನ್ನು ಮುಚ್ಚಿಡುವುದಿಲ್ಲ. 1912ರಲ್ಲಿ ಪೂರ್ಣಗೊಂಡ ಮೈಸೂರಿನ ಅಂಬಾವಿಲಾಸ ಅರಮನೆಯ ಬೀಟೆಯ ಬಾಗಿಲುಗಳನ್ನು ನೋಡಿದವರಿಗೆ ಈ ಕಲೆಯ ಎತ್ತರವು ತಿಳಿದಿದೆ. ಹಲಗೆಯಲ್ಲಿ ಗೆರೆಯಂತೆ ಕಚ್ಚು ತೆಗೆದು, ಬಣ್ಣಬಣ್ಣದ ಮರದ ಚೂರುಗಳನ್ನು ನವುರಾದ ಗರಗಸದಿಂದ ಕತ್ತರಿಸಿ, ಕೂದಲೆಳೆಯ ಸಂದೂ ಉಳಿಯದಂತೆ ಕೂಡಿಸುವ ಕೈ ಅದು. ದಂತದ ವ್ಯಾಪಾರವು ಕಾನೂನಿನಿಂದ ನಿಂತ ಮೇಲೂ ಈ ಕಲೆ ಸಾಯಲಿಲ್ಲ. ಬೇರೆ ಸಾಮಗ್ರಿಯನ್ನು ಹಿಡಿದು ಬದುಕಿತು. ಚನ್ನಪಟ್ಟಣದವರು ಹಾಲೆಮರಕ್ಕೆ ಅರಗಿನ ಬಣ್ಣ ಹಚ್ಚಿ, ಆಟಿಕೆಯ ಜೊತೆಗೆ ಹೊಸ ಮನೆಗೆ ಬೇಕಾದ ಸಾಮಾನನ್ನೂ ತಿರುವಿ ಕೊಡಬಲ್ಲರು. ತಾಂಡವಪುರವಿರುವ ನಂಜನಗೂಡು ತಾಲ್ಲೂಕಿನಲ್ಲಿಯೇ ಗಾಂಧೀಜಿಯವರು ಭೇಟಿಯಿತ್ತ ಬದನವಾಳಿನ ಖಾದಿ ಕೇಂದ್ರವಿದೆ. 2015ರಲ್ಲಿ ಸರಳ ಬದುಕಿನ ಪರವಾದ ಸತ್ಯಾಗ್ರಹವು ನಡೆದುದೂ ಅಲ್ಲಿಯೇ. ಸ್ವಾತಂತ್ರ್ಯಾನಂತರ ದೇಶದ ಕರಕುಶಲ ಕಲೆಗಳನ್ನು ಎತ್ತಿ ನಿಲ್ಲಿಸಲು ದುಡಿದ ಕಮಲಾದೇವಿ ಚಟ್ಟೋಪಾಧ್ಯಾಯರು ಮಂಗಳೂರಿನ ಮಗಳು. ಇಷ್ಟು ನೆರೆಹೊರೆಯಿದ್ದೂ ನಾವು ಹಜಾರದ ಅಂದಕ್ಕೆ ದೂರದ ಕಾರ್ಖಾನೆಯ ಹುಸಿ ಮುಪ್ಪನ್ನು ಕೊಳ್ಳುವುದು ಶೋಚನೀಯವಲ್ಲವೇ?

ಕೈಕೆಲಸವು ದುಬಾರಿ, ಮಧ್ಯಮ ವರ್ಗದವರಿಗೆ ಎಟುಕದು ಎಂದು ಕೆಲವರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಇಂಗ್ಲೆಂಡಿನಲ್ಲಿ 1861ರಲ್ಲಿ ವಿಲಿಯಂ ಮಾರಿಸ್ ಎಂಬಾತನು ಯಂತ್ರದ ಕುರೂಪಕ್ಕೆ ಎದುರಾಗಿ ಕೈಕೆಲಸದ ಕಂಪನಿಯನ್ನು ತೆರೆದನು. ಅವನು ಸಮಾನತೆಯನ್ನು ಬಯಸಿದವನಾದರೂ ಅವನ ಸರಕು ಬಹುಮಟ್ಟಿಗೆ ಶ್ರೀಮಂತರ ಮನೆಯನ್ನೇ ಸೇರಿತು. ಆದರೂ ಹತ್ತು ಹುಸಿ ವಸ್ತುಗಳಿಗೆ ಚೆಲ್ಲುವ ಹಣದಲ್ಲಿ ಒಂದು ನಿಜವಾದ ವಸ್ತುವನ್ನು ಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಅಟ್ಟದ ಮೇಲೆ ಬಿದ್ದಿರುವ ಅಜ್ಜಿಯ ಪೆಟ್ಟಿಗೆಗೆ ಬಡಗಿಯಿಂದ ಹೊಸ ಕೀಲು ಹಾಕಿಸಿ, ಪಾತ್ರೆಗೆ ಕಲಾಯಿ ಮಾಡಿಸಿ ಬಳಕೆಗೆ ತಂದರೆ ಖರ್ಚೂ ಅಲ್ಪ, ಕಸುಬುದಾರನಿಗೆ ಕೂಲಿಯೂ ಉಂಟು.

ಹಳೆಯದನ್ನು ಕಾಪಾಡುವ ಶ್ರೇಷ್ಠ ಮಾರ್ಗವು ಅದನ್ನು ಬಳಸುವುದೇ. ನಂಜನಗೂಡಿನಲ್ಲಿ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, 1735ರ ಸುಮಾರಿಗೆ, ಕಪಿಲೆಗೆ ಕಟ್ಟಿದ ಕಲ್ಲಿನ ಸೇತುವೆಯು ಎತ್ತಿನ ಗಾಡಿಗಳನ್ನಲ್ಲದೆ ಮುಂದೆ ಮೀಟರ್‌ಗೇಜ್ ರೈಲನ್ನೂ ಹೊತ್ತಿತು. ಅದು ಉಳಿದದ್ದು ಯಾರೋ ಅದನ್ನು ಅಲಂಕಾರವೆಂದು ಭಾವಿಸಿದ್ದರಿಂದ ಅಲ್ಲ. ತಲೆತಲಾಂತರ ಜನರಿಗೆ ಉಪಯೋಗಕ್ಕೆ ಬಂದುದರಿಂದ.

ಆದುದರಿಂದ ನಮ್ಮ ಸೂಚನೆಗಳು ಮೂರು. ಹಳೆಯ ಮನೆಯನ್ನು ಕೆಡವುವ ಮೊದಲು ಅಲ್ಲಿಯ ಕೆತ್ತನೆಯ ವಸ್ತುಗಳ ಪಟ್ಟಿಯನ್ನೂ ಛಾಯಾಚಿತ್ರವನ್ನೂ ಗ್ರಾಮ ಪಂಚಾಯತಿಯು ದಾಖಲಿಸಲಿ. ನೂರು ವರ್ಷ ಮೀರಿದವು ಕಂಡರೆ ಪುರಾತತ್ತ್ವ ಇಲಾಖೆಗೆ ತಿಳಿಸಲಿ. ಮಾರುವ ವಸ್ತುವು ಹಳೆಯದೋ, ಯಂತ್ರದ ಅನುಕರಣವೋ, ಕೈಕೆಲಸವೋ ಎಂಬುದನ್ನು ವರ್ತಕರು ಚೀಟಿಯಲ್ಲಿ ಸ್ಪಷ್ಟವಾಗಿ ಬರೆಯಲಿ. ಸರ್ಕಾರಿ ಕಚೇರಿಗಳೂ ಕಾಲೇಜುಗಳೂ ತಮ್ಮ ಸಭಾಂಗಣ, ಅತಿಥಿಗೃಹಗಳ ಅಲಂಕಾರಕ್ಕೆ ಬೇಕಾದುದನ್ನು ಮೊದಲು ಜಿಲ್ಲೆಯ ಕುಶಲಕರ್ಮಿಗಳಿಂದ ಕೊಳ್ಳಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯಿದೆ ಬೇಕಿಲ್ಲ. ಇರುವ ಅಧಿಕಾರವನ್ನು ನಡೆಸುವ ಮನಸ್ಸು ಬೇಕು. ಅಧಿಕಾರಿಗಳೂ ಗೃಹಸ್ಥರೂ ಈ ವಿಷಯವನ್ನು ಆಲೋಚಿಸುವರೆಂದು ನಂಬಿದ್ದೇವೆ. ಸತ್ತ ಕುಶಲಕರ್ಮಿಯ ಬಾಗಿಲನ್ನು ಗೋಡೆಗೆ ಒರಗಿಸಿ ಮೆಚ್ಚುವುದಕ್ಕಿಂತ, ಬದುಕಿರುವ ಕುಶಲಕರ್ಮಿಯಿಂದ ಬಾಗಿಲು ಮಾಡಿಸಿ ಅದರಲ್ಲಿ ಹಾದುಹೋಗುವುದು ಮನೆಗೂ ನಾಡಿಗೂ ಹೆಚ್ಚಿನ ಗೌರವ.