ಡ್ರೋನ್ ದಾರಿ ತಪ್ಪಿದರೆ ತಪ್ಪು ಟವರಿನದೋ, ಒಳಗಿನ ವೈರಿನದೋ?

ಮೇಲೇರಿದ ಡ್ರೋನ್ ಒಂದು ಸುತ್ತು ಹೊಡೆಯುತ್ತದೆ, ಸುತ್ತು ದೊಡ್ಡದಾಗುತ್ತದೆ, ಕೊನೆಗೆ ಎಲ್ಲೋ ಹೋಗಿ ಬೀಳುತ್ತದೆ. ಇಂಥ ವಿಡಿಯೊ ಬಂದಾಗಲೆಲ್ಲ ಜೊತೆಗೊಂದು ಮಾತೂ ಬರುತ್ತದೆ: "ಮೊಬೈಲ್ ಟವರ್ ಸಿಗ್ನಲ್ ಹೊಡೀತು, ಅದಕ್ಕೇ ಕಂಟ್ರೋಲ್ ತಪ್ಪಿತು." ಇದರಲ್ಲಿ ಎಷ್ಟು ನಿಜ?

ಹುಣಸಗಿಯಂಥ ಊರಿಗೂ ಇಂದು ಮೋಟಾರು, ಬ್ಯಾಟರಿ, ಫ್ಲೈಟ್ ಕಂಟ್ರೋಲರ್ ಎಲ್ಲವನ್ನೂ ಆನ್‌ಲೈನ್‌ನಲ್ಲಿ ತರಿಸಿ ಮನೆಯಲ್ಲೇ ಡ್ರೋನ್ ಜೋಡಿಸಬಹುದು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಈ ಸೀಮೆಯಲ್ಲಿ ಹಾರಿಸಲು ಬಯಲಿಗೇನೂ ಕೊರತೆಯಿಲ್ಲ. ಆದರೆ ಆ ಬಯಲಿನಲ್ಲೇ ಜನ ಭತ್ತದ ನಾಟಿ ಮಾಡುತ್ತಾರೆ, ಹತ್ತಿ ಬಿಡಿಸುತ್ತಾರೆ. ತಿರುಗುವ ರೆಕ್ಕೆಗಳ ಸಮೇತ ಒಂದು ಕಿಲೋ ತೂಕದ ಯಂತ್ರ ಅವರ ಮೇಲೆ ಬಿದ್ದರೆ ಅದು ಆಟವಾಗಿ ಉಳಿಯುವುದಿಲ್ಲ. ಆದ್ದರಿಂದ ನಿಜವಾದ ಕಾರಣ ತಿಳಿಯುವುದು ಮುಖ್ಯ.

ಡ್ರೋನ್ ಸುತ್ತು ಹೊಡೆಯುವುದೇಕೆ?

ಡ್ರೋನ್ ಎಲ್ಲಿದೆ ಎಂಬುದನ್ನು ಜಿಪಿಎಸ್ ಹೇಳುತ್ತದೆ. ಆದರೆ ನಿಂತಲ್ಲೇ ನಿಂತಾಗ ಅದರ ಮೂತಿ ಯಾವ ಕಡೆಗಿದೆ ಎಂಬುದು ಜಿಪಿಎಸ್‌ಗೆ ಗೊತ್ತಾಗುವುದಿಲ್ಲ. ಅದನ್ನು ಹೇಳುವುದು ಒಳಗಿರುವ ಪುಟ್ಟ ದಿಕ್ಸೂಚಿ.

ಗಾಳಿಗೆ ಡ್ರೋನ್ ಎರಡು ಮೀಟರ್ ಪೂರ್ವಕ್ಕೆ ಸರಿಯಿತು ಎಂದುಕೊಳ್ಳಿ. ಅದು ಪಶ್ಚಿಮಕ್ಕೆ ಮರಳಬೇಕು. ದಿಕ್ಸೂಚಿ 45 ಡಿಗ್ರಿ ತಪ್ಪು ತೋರಿಸಿದರೆ, ಪಶ್ಚಿಮ ಎಂದುಕೊಂಡೇ ಅದು ವಾಯವ್ಯಕ್ಕೆ ಹೋಗುತ್ತದೆ. ಅಲ್ಲಿಂದ ತಿದ್ದಿಕೊಳ್ಳಲು ಹೋಗಿ ಮತ್ತೆ ಓರೆಯಾಗುತ್ತದೆ. ನಾವು ನೋಡುವ ಸುತ್ತು ಇದೇ. ತಪ್ಪು 90 ಡಿಗ್ರಿ ದಾಟಿದರೆ, ಹತ್ತಿರ ಬರಲು ಮಾಡುವ ಪ್ರಯತ್ನವೇ ಡ್ರೋನನ್ನು ದೂರ ಒಯ್ಯುತ್ತದೆ.

ದಿಕ್ಸೂಚಿ ಕೆಡುವುದೇಕೆ?

ಕರೆಂಟ್ ಹರಿಯುವ ತಂತಿ ದಿಕ್ಸೂಚಿಯ ಮುಳ್ಳನ್ನು ಅಲುಗಾಡಿಸುತ್ತದೆ ಎಂದು ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್ 1820ರಲ್ಲೇ ತೋರಿಸಿದ್ದರು. ಡ್ರೋನಿನ ಒಳಗೆ ಆಗುವುದೂ ಅದೇ.

ಲೆಕ್ಕ ಸುಲಭ. ನಮ್ಮ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ. ನಾಲ್ಕು ಮೋಟಾರುಗಳು ಸೇರಿ ಬ್ಯಾಟರಿಯಿಂದ 30 ಆಂಪಿಯರ್ ಎಳೆಯುತ್ತಿವೆ ಎನ್ನೋಣ. ಆ ಕರೆಂಟ್ ಹರಿಯುವ ಒಂಟಿ ನೇರ ತಂತಿಯಿಂದ 5 ಸೆಂಟಿಮೀಟರ್ ದೂರದಲ್ಲಿ ಹುಟ್ಟುವ ಕಾಂತಕ್ಷೇತ್ರ 120 ಮೈಕ್ರೋಟೆಸ್ಲಾ, ಅಂದರೆ ಭೂಮಿಯದಕ್ಕಿಂತ ಮೂರು ಪಟ್ಟು. ಅಲ್ಲಿ ಕೂತ ದಿಕ್ಸೂಚಿಗೆ ಉತ್ತರ ದಿಕ್ಕು ಹೇಗೆ ಸಿಕ್ಕೀತು?

"ನೆಲದ ಮೇಲೆ ಇಟ್ಟಾಗ ಸರಿಯಾಗೇ ಇತ್ತಲ್ಲ" ಎಂಬ ಗೊಂದಲಕ್ಕೂ ಇಲ್ಲೇ ಉತ್ತರವಿದೆ. ನೆಲದ ಮೇಲಿದ್ದಾಗ ಮೋಟಾರು ಕರೆಂಟ್ ಎಳೆಯುವುದಿಲ್ಲ. ಜೋರಾಗಿ ಮೇಲೇರಿಸಿದಾಗ ಎಳೆಯುತ್ತದೆ, ಆಗ ದಿಕ್ಕು ತಪ್ಪುತ್ತದೆ.

ನೀವೇ ಪರೀಕ್ಷಿಸಿ: ನಿಮ್ಮ ಮೊಬೈಲಿನಲ್ಲೂ ಇಂಥದೇ ದಿಕ್ಸೂಚಿ ಇರಬಹುದು. ಆ ಆ್ಯಪ್ ತೆರೆದು, ಹತ್ತಿರಕ್ಕೆ ಒಂದು ಸಣ್ಣ ಸ್ಪೀಕರ್ ತನ್ನಿ. ಉತ್ತರ ದಿಕ್ಕು ಸರಿಯುವುದು ಕಣ್ಣಿಗೇ ಕಾಣುತ್ತದೆ.

ಒಳಗೆ ಯಾವುದು ಎಲ್ಲಿರಬೇಕು?

• ಬ್ಯಾಟರಿಯ ಕೆಂಪು ಮತ್ತು ಕಪ್ಪು ತಂತಿಗಳನ್ನು ಹಗ್ಗ ಹೊಸೆದಂತೆ ಹೊಸೆಯಿರಿ. ಹೋಗುವ ಮತ್ತು ಮರಳುವ ಕರೆಂಟಿನ ಕಾಂತಕ್ಷೇತ್ರಗಳು ಎದುರುಬದುರಾಗಿ ಬಹುಪಾಲು ಅಳಿಸಿಹೋಗುತ್ತವೆ. ತಂತಿ ಚಿಕ್ಕದಿದ್ದಷ್ಟೂ ಒಳ್ಳೆಯದು.

• ದಿಕ್ಸೂಚಿ ಇರುವ ಜಿಪಿಎಸ್ ಬಿಲ್ಲೆಯನ್ನು ಸಣ್ಣ ಕಂಬದ ಮೇಲೆ ಎತ್ತಿ ಕೂರಿಸಿ. ಆದರೆ ಕಂಬವೊಂದೇ ಸಾಲದು. ಮೇಲಿನ ಲೆಕ್ಕದಲ್ಲಿ 15 ಸೆಂಟಿಮೀಟರ್ ದೂರ ಹೋದರೂ ಒಂಟಿ ತಂತಿಯ ಪ್ರಭಾವ 40 ಮೈಕ್ರೋಟೆಸ್ಲಾ, ಅಂದರೆ ಭೂಮಿಯಷ್ಟೇ ಇರುತ್ತದೆ. ದೂರವೂ ಬೇಕು, ಹೊಸೆಯುವುದೂ ಬೇಕು.

• ದಿಕ್ಸೂಚಿಯ ಹತ್ತಿರ ಕಬ್ಬಿಣದ ಸ್ಕ್ರೂ ಬೇಡ. ನೈಲಾನ್ ಸ್ಕ್ರೂ ಬಳಸಿ.

• ಫ್ಲೈಟ್ ಕಂಟ್ರೋಲರ್ ನಡುಮಧ್ಯದಲ್ಲಿ, ಮೆತ್ತನೆಯ ರಬ್ಬರಿನ ಮೇಲೆ ಇರಲಿ. ರೆಕ್ಕೆಗಳ ನಡುಕ ಅದರ ಸೆನ್ಸರುಗಳಿಗೆ ತಾಗಬಾರದು. ಭಾರವಾದ ಬ್ಯಾಟರಿಯೂ ನಡುವೆಯೇ ಇರಲಿ. ಒಂದು ಕಡೆ ವಾಲಿದರೆ ಆ ಕಡೆಯ ಮೋಟಾರುಗಳು ಹೆಚ್ಚು ದುಡಿಯಬೇಕಾಗುತ್ತದೆ.

• ಕಾರ್ಬನ್ ಫೈಬರ್ ಚೌಕಟ್ಟು ರೇಡಿಯೊ ಅಲೆಗಳನ್ನು ತಡೆಯುತ್ತದೆ. ರಿಸೀವರ್ ಆಂಟೆನಾ ಹೊರಗಿರಲಿ. ಎರಡಿದ್ದರೆ ಒಂದಕ್ಕೊಂದು ಲಂಬವಾಗಿರಲಿ. ವಿಡಿಯೊ ಕಳಿಸುವ ಟ್ರಾನ್ಸ್‌ಮಿಟರ್ ಅನ್ನು ಜಿಪಿಎಸ್‌ನಿಂದ ದೂರವಿಡಿ.

• ಸಡಿಲ ತಂತಿ ಇರಕೂಡದು. ನಡುಕಕ್ಕೆ ಚೌಕಟ್ಟಿನ ಅಂಚಿಗೆ ಉಜ್ಜಿ ಹೊದಿಕೆ ಹರಿದರೆ ಶಾರ್ಟ್ ಆಗುತ್ತದೆ. ಕಾರ್ಬನ್ ಫೈಬರ್ ಮೂಲಕವೂ ಕರೆಂಟ್ ಹರಿಯುತ್ತದೆ ಎಂಬುದು ನೆನಪಿರಲಿ.

ಹಾರಿಸುವ ಮುನ್ನ

ದಿಕ್ಸೂಚಿಯನ್ನು ಹೊಂದಿಸುವ ಕೆಲಸ ಆರ್‌ಸಿಸಿ ಮಾಳಿಗೆಯ ಮೇಲೆ ಬೇಡ, ಒಳಗೆ ಕಬ್ಬಿಣದ ಸರಳುಗಳಿರುತ್ತವೆ. ಟ್ರ್ಯಾಕ್ಟರ್ ಪಕ್ಕದಲ್ಲೂ ಬೇಡ. ತೆರೆದ ಹೊಲಕ್ಕೆ ಹೋಗಿ, ಮೊಬೈಲ್, ಬೀಗದ ಕೈಗೊಂಚಲು ದೂರವಿಟ್ಟು ಮಾಡಿ. ಮನೆಯೊಳಗೆ ಮೋಟಾರು ಪರೀಕ್ಷಿಸುವಾಗ ರೆಕ್ಕೆಗಳನ್ನು ಕಳಚಿಡಿ. ಹಾರುವಾಗ ಸುತ್ತು ಶುರುವಾದರೆ ಜಿಪಿಎಸ್ ಹಿಡಿತದ ಮೋಡ್ ಬಿಟ್ಟು, ಕೈಯಿಂದಲೇ ನಿಧಾನವಾಗಿ ಇಳಿಸಿ.

2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೊ, ಅದಕ್ಕೂ ಮೇಲೆ 2 ಕಿಲೋವರೆಗಿನದು ಮೈಕ್ರೊ. ಹಸಿರು ವಲಯದಲ್ಲಿ 120 ಮೀಟರ್ ಎತ್ತರದವರೆಗೆ ಹಾರಿಸಬಹುದು. ನಿಮ್ಮ ಜಾಗ ಯಾವ ವಲಯದಲ್ಲಿದೆ ಎಂದು ಸರ್ಕಾರದ ನಕ್ಷೆಯಲ್ಲಿ ಮೊದಲು ನೋಡಿಕೊಳ್ಳಿ.

ಹಾಗಾದರೆ ಟವರ್?

ಟವರ್‌ಗೆ ಪೂರ್ತಿ ಕ್ಲೀನ್ ಚಿಟ್ ಕೊಡಲಾಗದು. ತೀರಾ ಹತ್ತಿರ ಹೋದರೆ ಅದರ ಬಲವಾದ ರೇಡಿಯೊ ಅಲೆಗಳು ರಿಸೀವರಿಗೆ ತೊಂದರೆ ಕೊಡಬಹುದು, ಅದರ ಉಕ್ಕು ದಿಕ್ಸೂಚಿಯನ್ನು ಕೆಡಿಸಬಹುದು. ಆದರೆ ರಿಮೋಟ್ ಸಂಪರ್ಕ ಕಡಿದರೆ, ಸರಿಯಾಗಿ ಹೊಂದಿಸಿದ ಡ್ರೋನ್ ತಾನೇ ಮರಳುತ್ತದೆ ಇಲ್ಲವೇ ಇಳಿಯುತ್ತದೆ. ಸುತ್ತು ದೊಡ್ಡದಾಗುತ್ತಾ ಹೋಗುವುದು ದಿಕ್ಸೂಚಿ ಕೆಟ್ಟಿದ್ದರ ಗುರುತು.

ಟವರನ್ನು ಬೈದು ಸುಮ್ಮನಾದರೆ ಅದೇ ಡ್ರೋನ್, ಅದೇ ತಂತಿಯೊಂದಿಗೆ ನಾಳೆ ಮತ್ತೆ ಹಾರುತ್ತದೆ, ಕೆಳಗೆ ಹೊಲದಲ್ಲಿ ಜನರಿರುತ್ತಾರೆ. ಅಂಥ ವಿಡಿಯೊ ನಿಮಗೆ ಬಂದರೆ, ಮುಂದೆ ಕಳಿಸುವಾಗ ಈ ಪ್ರಶ್ನೆಯನ್ನೂ ಸೇರಿಸಿ: "ಬ್ಯಾಟರಿ ತಂತಿ ಹೊಸೆದಿದ್ದರಾ?"