ಎಬ್ಬಿಸುವುದೇ ದುರಸ್ತಿಯಲ್ಲ

ತಿಂಗಳ ಕೊನೆಯ ದಿನ ಸರಕು ತುಂಬಿದ ಲಾರಿ ಬಾಗಿಲಲ್ಲಿ ನಿಂತಿರುವಾಗಲೇ ಬಿಲ್ಲಿನ ತಂತ್ರಾಂಶ ಸ್ತಬ್ಧವಾಗುತ್ತದೆ. ಐದು ನಿಮಿಷದ ನಂತರ ತಾನಾಗಿಯೇ ಏಳುತ್ತದೆ, ಮತ್ತೆ ಬೀಳುತ್ತದೆ. ವಿಚಾರಿಸಿದರೆ ತಂತ್ರಾಂಶ ಒದಗಿಸಿದವರ ಉತ್ತರ ಒಂದೇ: "ಈಗ ಸರಿಯಾಗಿದೆ, ನೋಡಿ." ಕೆಲವು ವಿನಾಯಿತಿಗಳ ಹೊರತು, ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ವರ್ತಕರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿರುವಾಗ ಈ ಉತ್ತರ ಸಾಲದು.

ಇಂಥ ಅನೇಕ ತಂತ್ರಾಂಶಗಳು ಇಂದು ದೂರದ ಗಣಕಗಳಲ್ಲಿ 'ಕಂಟೈನರ್' ಎಂಬ ಪ್ರತ್ಯೇಕ ಕೋಶಗಳೊಳಗೆ ನಡೆಯುತ್ತವೆ. ಗಣಕಗಳ ಗುಂಪಿಗೆ ಕ್ಲಸ್ಟರ್ ಎಂದು ಹೆಸರು. ಅದರ ಮೇಲ್ವಿಚಾರಣೆಗೆ ಹೆಚ್ಚಾಗಿ ಬಳಕೆಯಲ್ಲಿರುವುದು 2014ರಲ್ಲಿ ಗೂಗಲ್ ಹೊರತಂದ ಕುಬರ್ನೆಟಿಸ್. ಬಿದ್ದ ಕೋಶವನ್ನು ಅದು ಎಬ್ಬಿಸುತ್ತದೆ. ಮತ್ತೆ ಮತ್ತೆ ಬಿದ್ದರೆ 10, 20, 40 ಸೆಕೆಂಡು ಎಂದು ಕಾಯುವ ಅವಧಿಯನ್ನು ಇಮ್ಮಡಿಸುತ್ತ, ಸಾಮಾನ್ಯವಾಗಿ 5 ನಿಮಿಷದವರೆಗೆ ಒಯ್ಯುತ್ತದೆ. ವರ್ತಕನನ್ನು ಕಾಡುವ ಮೌನ ಎಷ್ಟೋ ಸಲ ಇದೇ.

ಮೋಟಾರು ಟ್ರಿಪ್ ಆದಾಗಲೆಲ್ಲ ಬೇರಿಂಗ್ ನೋಡದೆ ಸ್ಟಾರ್ಟರಿನ ಗುಂಡಿ ಒತ್ತುವ ಕೆಲಸಗಾರನನ್ನು ಯಾವ ಕಾರ್ಖಾನೆಯ ಮಾಲೀಕರೂ ಒಪ್ಪರು. ತಂತ್ರಾಂಶದವರಿಗೆ ಮಾತ್ರ ಈ ರಿಯಾಯಿತಿ ಏಕೆ?

ಕಾರಣ ಪತ್ತೆಮಾಡುವುದು ಅಸಾಧ್ಯವೇನಲ್ಲ. ಸತ್ತ ಕೋಶ ಒಂದು ಸಂಖ್ಯೆಯನ್ನು ಬಿಟ್ಟುಹೋಗುತ್ತದೆ. ಅದು 137 ಆಗಿದ್ದು ಜೊತೆಗೆ 'ಓಓಎಂ ಕಿಲ್ಡ್' ಎಂದಿದ್ದರೆ, ನಿಗದಿಯಾದ ಮೆಮೊರಿ ಮೀರಿತೆಂದು ಅರ್ಥ. ತಿಂಗಳ ಲೆಕ್ಕ ಒಮ್ಮೆಗೇ ತೆಗೆಯುವಾಗ ಹೀಗಾಗುವುದುಂಟು. ಮಿತಿ ಹೆಚ್ಚಿಸಿದರೆ ಕೆಲವೊಮ್ಮೆ ತೊಂದರೆ ತೀರುತ್ತದೆ. ಆದರೆ ತಂತ್ರಾಂಶ ಮೆಮೊರಿಯನ್ನು ಬಿಟ್ಟುಕೊಡದೆ ನುಂಗುತ್ತಿದ್ದರೆ ಬೀಳುವ ದಿನ ಮುಂದಕ್ಕೆ ಹೋಗುವುದಷ್ಟೆ, ಬಾಡಿಗೆಯ ಬಿಲ್ಲು ಏರುವುದು ಖಚಿತ. ಇನ್ನು ಕೆಲವೆಡೆ ದೋಷ ಕಾವಲಿನದೇ. ಬೇರೆ ಸೂಚನೆ ಕೊಡದಿದ್ದರೆ ಜೀವ ತಪಾಸಣೆ 10 ಸೆಕೆಂಡಿಗೊಮ್ಮೆ ನಡೆದು, 1 ಸೆಕೆಂಡಿನಲ್ಲಿ ಉತ್ತರ ಬಾರದ ಸ್ಥಿತಿ ಮೂರು ಸಲ ಸತತವಾದರೆ ಕೋಶವನ್ನು ಮುಗಿಸುತ್ತದೆ. ನಿಧಾನವಾಗಿ ಏಳುವ ತಂತ್ರಾಂಶ ಏಳುವ ಮೊದಲೇ ಬಲಿಯಾಗುತ್ತದೆ. ತಪ್ಪು ಗುಪ್ತಪದ, ತಪ್ಪಿದ ದತ್ತಾಂಶ ವಿಳಾಸಗಳಂತೂ ನಿತ್ಯದ ಸಂಗತಿ.

ಇವನ್ನು ತಿಳಿಯಲು ಈಗಿನ ಕೋಶದ ದಾಖಲೆಗಿಂತ ಹಿಂದೆ ಸತ್ತ ಕೋಶದ ದಾಖಲೆ ಮುಖ್ಯ. ದೂರು ಬಂದೊಡನೆ ಎಲ್ಲವನ್ನೂ ಅಳಿಸಿ ಹೊಸದಾಗಿ ನಿಲ್ಲಿಸುವ ಅವಸರದಲ್ಲಿ, ದಾಖಲೆ ಬೇರೆಡೆ ಸಂಗ್ರಹವಾಗಿಲ್ಲದಿದ್ದರೆ, ಈ ಸಾಕ್ಷ್ಯವೇ ನಾಶವಾಗುತ್ತದೆ. ಆದ್ದರಿಂದ ನಿರ್ವಹಣಾ ಒಪ್ಪಂದ ನವೀಕರಿಸುವಾಗ, ಶೇಕಡಾವಾರು ಲಭ್ಯತೆಯ ಭರವಸೆಯೊಂದಕ್ಕೇ ಸಹಿ ಹಾಕದೆ, ಪ್ರತಿ ತಿಂಗಳೂ ಎಷ್ಟು ಸಲ ಮರುಚಾಲನೆಯಾಯಿತು, ಯಾವ ಸಂಖ್ಯೆಯೊಡನೆ ನಿಂತಿತು, ಏನು ಸರಿಪಡಿಸಲಾಯಿತು ಎಂಬ ಲಿಖಿತ ವರದಿಯನ್ನು ಸದಸ್ಯರು ಕೇಳಿ ಪಡೆಯಬೇಕು.